ಬಾವಿಯಲ್ಲಿ ಇಲ್ಲದ ಮೀನು

ನಮ್ಮ ಮನೆಯಲ್ಲಿ ಎರಡು ಥರದ ನೀರಿತ್ತು. ನಳದ ನೀರು ನಮಗೆ, ಬಾವಿಯ ನೀರು ಅಜ್ಜಿಗೆ. ನಳದೊಳಗೆ ಚರ್ಮದ ಬಿಲ್ಲೆ ಇರುತ್ತದೆಂದು ಯಾವ ಕಾಲದಲ್ಲೋ ಯಾರೋ ಅಜ್ಜಿಗೆ ಹೇಳಿಬಿಟ್ಟಿದ್ದರು. ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಒಂದು ಸಲ ನಳ ಬಿಚ್ಚಿ, ಒಳಗಿನ ಕರಿ ಬಿಲ್ಲೆಯನ್ನು ಅಂಗೈ ಮೇಲಿಟ್ಟುಕೊಂಡು ಅವಳ ಮುಂದೆ ಹಿಡಿದ.

"ನೋಡವ್ವಾ, ಇದು ರಬ್ಬರು."

"ರಬ್ಬರ್ ಯಾತರದ್ದು?"

"ಗಿಡದ್ದು."

"ಆ ಗಿಡಾ ನೀ ನೋಡೀ ಏನು?"

ಅಪ್ಪ ನಳವನ್ನು ತಿರುಗಿ ಜೋಡಿಸಿ, ಚೀಲ ಹೆಗಲಿಗೇರಿಸಿ, ದೇವರ ಹಿಪ್ಪರಗಿಯ ಬಸ್ಸು ಹಿಡಿಯಲು ಹೋದ. ಅವನ ಸಾಲೆ ಅಲ್ಲಿತ್ತು. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಬಾವಿ ಇದ್ದದ್ದು ಹಿತ್ತಲಲ್ಲಿ. ಕಲ್ಲಿನ ಕಟ್ಟೆ, ಮೇಲೊಂದು ಕಬ್ಬಿಣದ ಗಾಲಿ. ಗಾಲಿ ತಿರುಗಿದರೆ ಇಡೀ ಓಣಿಗೆ ಕೇಳುವಂಥ ಕೀರಲು ದನಿ. ಹಗ್ಗ, ಬಕೇಟು ಅಜ್ಜಿಯವೇ. ಗೋಡೆಯ ಗೂಟಕ್ಕೆ ನನ್ನ ಕೈಗೆಟುಕದಷ್ಟು ಎತ್ತರದಲ್ಲಿ ತೂಗುತ್ತಿದ್ದವು. ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ನೀರು ಸೇದಿ, ತಾಮ್ರದ ಕೊಡದ ಬಾಯಿಗೆ ಬಿಳಿ ಅರಿವೆ ಕಟ್ಟಿ ಸೋಸಿ ತುಂಬಿಕೊಳ್ಳುತ್ತಿದ್ದಳು. ಆಮೇಲೆ ಆ ಕೊಡವನ್ನಾಗಲಿ ಆ ಹಗ್ಗವನ್ನಾಗಲಿ ನಾವು ಯಾರೂ ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಮೈಲಿಗೆ. ಮತ್ತೆ ತೊಳೆಯಬೇಕು, ಮತ್ತೆ ಸ್ನಾನ, ಮತ್ತೆ ಸೇದುವುದು. ನಾನು ಓಡಾಡುವಾಗ ಲಂಗದ ಚುಂಗು ತಗುಲಿತೆಂದು ಎಷ್ಟು ಸಲ ಬೈಸಿಕೊಂಡಿದ್ದೇನೋ! ನನಗೂ ಸಿಟ್ಟು ಮೂಗಿನ ತುದಿಯಲ್ಲಿ. "ನಾನೇನು ಹೊಲಸು ತಿಂದು ಬಂದೀನೇನು?" ಎಂದು ತಿರುಗಿ ಮಾತಾಡಿ ಅವ್ವನ ಕೈಯಲ್ಲಿ ಏಟು ತಿನ್ನುತ್ತಿದ್ದೆ.

ಈ ಬಾವಿಯಲ್ಲಿ ಒಂದು ವರ್ಷ ಕಾಗೆ ಮರಿಯೊಂದು ಬಿದ್ದು ಸತ್ತಿತ್ತು. ಪಂಪು ತರಿಸಿ ನೀರೆಲ್ಲ ಹೊರಗೆ ಹಾಕಿಸಿ, ಸುಣ್ಣ ಬಳಿಸಿ, ಹೊಸ ನೀರು ಊರುವವರೆಗೆ ಎರಡು ದಿನ ಹಿಡಿಯಿತು. ಆ ಎರಡು ದಿನ ಅಜ್ಜಿ ಒಂದು ಹನಿ ನೀರು ಮುಟ್ಟಲಿಲ್ಲ. ಹಾಲು ಕೊಟ್ಟರೆ ಒಲ್ಲೆ, ಯಾಕೆಂದರೆ ಹಾಲಿನವನು ನಳದ ನೀರು ಬೆರೆಸುತ್ತಾನೆ. ಎಳನೀರು ತರಿಸಿದರೆ ಒಲ್ಲೆ, ಯಾಕೆಂದರೆ ಅದನ್ನು ಕೆತ್ತಿದ ಕೈ ಯಾರದೋ. ಎರಡನೆಯ ಸಂಜೆ ಅಡಿಗೆಮನೆಯ ಹೊಸ್ತಿಲಲ್ಲಿ ತಲೆ ತಿರುಗಿ ಬಿದ್ದಳು. ಅವ್ವ ಮುಖಕ್ಕೆ ನೀರು ಚಿಮುಕಿಸಿದರೆ, ಆ ಅರೆ ಎಚ್ಚರದಲ್ಲೂ ಹನಿ ಒಳಗೆ ಹೋಗದಂತೆ ತುಟಿ ಬಿಗಿದುಕೊಂಡಳು. ನೋಡಲು ಬಂದ ಡಾಕ್ಟರು ಅಪ್ಪನನ್ನು ಪಡಸಾಲೆಗೆ ಕರೆದು, "ಇನ್ನೊಮ್ಮೆ ಹಿಂಗಾದ್ರ ನಿಮ್ಮ ತಾಯಿಯವರು ಉಳಿಯೂದು ಕಷ್ಟರೀ ಮಾಸ್ತರ" ಎಂದರು. ಬಾಗಿಲ ಹಿಂದೆ ನಿಂತಿದ್ದ ನನಗೂ ಅದು ಕೇಳಿಸಿತ್ತು.

ಆಗ ನನಗೆ ಒಂಬತ್ತು. ಮೀನು ಹಿಡಿದದ್ದು ಹತ್ತು ವರ್ಷದವಳಿದ್ದಾಗ, ಬೇಸಿಗೆ ಸೂಟಿಯಲ್ಲಿ, ಏಕಾದಶಿಯ ದಿನ.

ಇಂಡಿಯಿಂದ ಸಿಂದಗಿಯ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಊರಿನ ಹೊರಗೆ ಕಾಲುವೆ. ಕುಡಿಯುವ ನೀರಿಗೆಂದು ಕೆರೆ ತುಂಬಿಸಲು ಹದಿನೈದು ದಿನ ನೀರು ಬಿಟ್ಟಿದ್ದರು, ಆಮೇಲೆ ಬಂದ್ ಮಾಡಿದ್ದರು. ಬಂದ್ ಆದ ಮೇಲೆ ಕಾಲುವೆಯ ತಳದಲ್ಲಿ ಅಲ್ಲಲ್ಲಿ ಗುಂಡಿ ನೀರು ಉಳಿಯುತ್ತದೆ. ನೀರಿನ ಜೊತೆ ಬಂದ ಮೀನು ಆ ಗುಂಡಿಗಳಲ್ಲಿ ಸಿಕ್ಕಿಬೀಳುತ್ತವೆ. ಹಿಂದೆ ಹೋಗಲು ದಾರಿಯಿಲ್ಲ, ಮುಂದೆ ಹೋಗಲು ದಾರಿಯಿಲ್ಲ, ದಿನದಿನಕ್ಕೆ ಗುಂಡಿ ಸಣ್ಣದಾಗುತ್ತದೆ. ನಾಲ್ಕು ದಿನ ಊರಿನ ಮಕ್ಕಳಿಗೆಲ್ಲ ಅದೇ ಹಬ್ಬ. ನಮ್ಮ ಮನೆಯ ಮಕ್ಕಳಿಗೆ ಮಾತ್ರ ಇಲ್ಲ. ನಮ್ಮ ಮನೆಯ ಮಕ್ಕಳೆಂದರೆ ನಾನೊಬ್ಬಳೇ.

ಹಿತ್ತಲ ಗೋಡೆಯ ಆಚೆ ನನ್ನ ಗೆಳತಿಯ ಮನೆ. ಅವರು ಮುಸಲ್ಮಾನರು, ಅವಳ ಮುತ್ತಜ್ಜನ ಕಾಲದಿಂದ ಆ ಗೋಡೆ ಎರಡೂ ಮನೆಗೆ ಒಂದೇ. ಆ ಬೆಳಿಗ್ಗೆ ಅವಳು ಗೋಡೆಯ ಮೇಲೆ ಗದ್ದ ಊರಿ, "ಬರ್ತೀ ಏನು? ಕಾಲವ್ಯಾಗ ಅಂಗೈಯಷ್ಟಷ್ಟ ಮೀನ ಅದಾವಂತ. ನಮ್ಮವ್ವ ಹಳೇ ಸೀರಿ ಕೊಟ್ಟಾಳ" ಎಂದಳು. ಮನೆಯಲ್ಲಿ ಉಪವಾಸದ ದಿನ. ಒಲೆ ಹೊತ್ತಿಲ್ಲ, ಮಾತಿಲ್ಲ. ಅಪ್ಪ ಪೇಪರು ಮುಖದ ಮೇಲೆ ಹಾಕಿಕೊಂಡು ಮಲಗಿದ್ದ. ಅವ್ವ ನನಗೊಬ್ಬಳಿಗೆಂದು ಸಾಬೂದಾಣಿ ನೆನೆಹಾಕುತ್ತಿದ್ದಳು. ಆ ಮನೆಯೊಳಗೆ ಇನ್ನೊಂದು ತಾಸು ಕೂತರೆ ನನ್ನ ಉಸಿರು ಕಟ್ಟುತ್ತದೆಂದು ಅನಿಸಿತು. "ಲೈಬ್ರರಿಗೆ ಹೋಗಿ ಬರ್ತೀನಿ" ಎಂದು ಕೂಗಿ ಹೊರಬಿದ್ದೆ. ನಮ್ಮೂರಲ್ಲಿ ಲೈಬ್ರರಿಯ ಬೀಗ ತೆಗೆದದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಕಾಲುವೆಗೆ ಇಳಿಯುವುದು ಸುಲಭವಲ್ಲ. ಎರಡೂ ಬದಿ ಕಾಂಕ್ರೀಟಿನ ಇಳಿಜಾರು, ಕೆಳಗಡೆ ಹಸಿರು ಪಾಚಿ. ಕುಂಡಿಯ ಮೇಲೆ ಕೂತು ಜಾರಿದೆವು. ತಳಕ್ಕಿಳಿದ ಮೇಲೆ ಎರಡೂ ಕಡೆ ಗೋಡೆ, ಮೇಲೆ ಉದ್ದನೆಯ ಆಕಾಶದ ಪಟ್ಟಿ, ಕೆಂಡದಂಥ ಬಿಸಿಲು. ಗೆಳತಿ ಸೀರೆಯ ಒಂದು ಚುಂಗು ನನ್ನ ಕೈಗೆ ಕೊಟ್ಟು, "ನೆಲಕ್ಕ ಹತ್ತಿಸಿ ಹಿಡಿ, ಮ್ಯಾಲ ಎತ್ತಬ್ಯಾಡ, ಎತ್ತಿದ್ರ ಬುಡಕ ಹಾದು ಹೋಗ್ತಾವ" ಎಂದು ಹೇಳಿಕೊಟ್ಟಳು. ಹಾಗೆ ಮಾಡಿದೆವು. ಮೊದಲ ಎಳೆತಕ್ಕೆ ಕೆಸರು, ಎರಡನೆಯದಕ್ಕೆ ಮೂರು ಮೀನು. ಅವಳು ಮೂರನ್ನೂ ಚಟಪಟ ಎಣ್ಣೆ ಡಬ್ಬಿಯಲ್ಲಿ ಹಾಕಿಕೊಂಡಳು.

ನನ್ನದು ಸೀರೆಯಲ್ಲಿ ಸಿಕ್ಕಿದ್ದಲ್ಲ. ಅದು ಗುಂಡಿಯ ಮೂಲೆಯಲ್ಲಿ, ಅರ್ಧ ಕೆಸರಿನಲ್ಲಿ ಹೂತು, ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಎರಡೂ ಕೈ ಬೊಗಸೆ ಮಾಡಿ ಒತ್ತಿ ಹಿಡಿದೆ. ಅಬ್ಬಾ, ಏನದರ ಒದೆತ! ಬೆರಳಿನ ಸಂದಿಯಲ್ಲಿ ಅದರ ಮೈಯೆಲ್ಲ ಒಂದೇ ಒದೆತವಾಗಿ ಬಡಿಯಿತು. ನಾನು ಕಿಟಾರನೆ ಕಿರುಚಿದೆ, ಆದರೆ ಬಿಡಲಿಲ್ಲ. ಬೆಳ್ಳಗಿನ ಹೊಟ್ಟೆ, ಬಾಲದ ಹತ್ತಿರ ಒಂದು ಕರಿ ಚುಕ್ಕೆ. ಅಷ್ಟು ಖುಷಿ ನನಗೆ ಮುಂದೆ ನೌಕರಿಯ ಆರ್ಡರು ಬಂದಾಗಲೂ ಆಗಿಲ್ಲ.

"ಕೊಡು, ನಮ್ಮವ್ವ ನನ್ನ ಮೀನದ ಜೋಡಿ ಹುರೀತಾಳ" ಎಂದಳು ಗೆಳತಿ.

"ಬ್ಯಾಡ. ಇದು ನಂದು."

"ನಿಂದಾದ್ರ ಏನ್ಮಾಡ್ತೀ? ಮೀನ ತಿನ್ನೂದಿಲ್ಲ ನೀವು."

"ಇಟಗೋತೀನಿ."

"ಎಲ್ಲಿ? ದೇವರ ಕ್ವಾಣ್ಯಾಗ?"

ಅವಳು ನಕ್ಕಳು, ನನಗೆ ಸಿಟ್ಟು ಬಂತು. ದಂಡೆಯ ಮೇಲೆ ಬಿದ್ದಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಗುಂಡಿಯ ನೀರು ತುಂಬಿ, ಮೀನು ಬಿಟ್ಟು, ಗಂಟು ಹಾಕಿ, ಲಂಗದ ಮಡಿಕೆಯೊಳಗೆ ಹಿಡಿದುಕೊಂಡು ಬಿರಬಿರನೆ ಮನೆಗೆ ನಡೆದೆ. ಒಂದು ಮೈಲು ದಾರಿ. ಹತ್ತು ಹೆಜ್ಜೆಗೊಮ್ಮೆ ಚೀಲ ತೆಗೆದು ನೋಡುತ್ತಿದ್ದೆ. ಮೀನು ಮೂತಿಯನ್ನು ಚೀಲದ ಮೂಲೆಗೆ ಒತ್ತಿಕೊಂಡು ನಿಂತಿತ್ತು. ನೀರು ಕೈಗೆ ಬೆಚ್ಚಗೆ ತಾಗುತ್ತಿತ್ತು.

ಹಿತ್ತಲ ಬಾಗಿಲಿನಿಂದ ಒಳಗೆ ಬಂದರೆ ಹೊಸ್ತಿಲಲ್ಲಿ ಅಜ್ಜಿ ಜಪಮಣಿ ಹಿಡಿದು ಕೂತಿದ್ದಳು. ಏಕಾದಶಿಯ ದಿನವೆಲ್ಲ ಅವಳು ಕೂರುವುದು ಅಲ್ಲೇ, ಗಾಳಿ ಬರುತ್ತದೆಂದು. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಳು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

"ಯಾರು?"

"ನಾ, ಅಜ್ಜಿ."

"ಬಿಸಲಾಗ ಎಲ್ಲಿ ಹಾಳಾಗಿ ಹೋಗಿದ್ದಿ? ಕೈಯಾಗೇನು?"

"ಏನಿಲ್ಲ."

ಅವಳ ತುಟಿ ಒಣಗಿ ಬಿಳಿ ಪದರು ಬಂದಿತ್ತು. ಅವಳದು ನಿಟ್ಟುಪವಾಸ, ಅಂದರೆ ಅನ್ನವಷ್ಟೇ ಅಲ್ಲ, ನೀರೂ ಇಲ್ಲ. ಹಿಂದಿನ ರಾತ್ರಿ ಕುಡಿದ ನೀರೇ ಕೊನೆ. ಇನ್ನು ದ್ವಾದಶಿಯ ಬೆಳಿಗ್ಗೆ ಪಾರಣೆಗೆ ತೀರ್ಥ ತೆಗೆದುಕೊಂಡ ಮೇಲೆಯೇ. ಒಳಗೆ ಅಪ್ಪ ಎದ್ದು ಕೆಮ್ಮಿದ ಸದ್ದು ಕೇಳಿಸಿತು. ಅವನ ಕಣ್ಣಿಗೆ ಈ ಚೀಲ ಬಿದ್ದರೆ ಮುಗಿಯಿತು. ಹಿತ್ತಲಲ್ಲಿ ಸುತ್ತಲೂ ನೋಡಿದೆ. ಮೀನು ಬದುಕುವಷ್ಟು ನೀರು ಇದ್ದದ್ದು ಒಂದೇ ಕಡೆ. ತಣ್ಣಗೆ, ಆಳವಾಗಿ, ಯಾರೂ ಕೈ ಹಾಕದ ಜಾಗ. ಅಜ್ಜಿ ಮುಖ ಆಚೆ ತಿರುಗಿಸಿದ ಕೂಡಲೇ ಚೀಲದ ಗಂಟು ಬಿಚ್ಚಿ ಬಾವಿಗೆ ಬೋರಲು ಹಾಕಿದೆ. ಪುಳಕ್ ಎಂದಿತು. ನನ್ನ ಬುದ್ಧಿಗೆ ನಾನೇ ಭೇಷ್ ಅಂದುಕೊಂಡೆ. ಇನ್ನು ದಿನಾ ನೋಡಬಹುದು, ಯಾರಿಗೂ ಗೊತ್ತಾಗುವುದಿಲ್ಲ.

ಮೂರು ಗಂಟೆಗೆ ಹೋಗಿ ಇಣುಕಿದರೆ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು.

ಅರೆ ಕ್ಷಣ ಅದು ಮಲಗಿದೆ ಎಂದುಕೊಂಡೆ. ಒಂದು ಹರಳು ಎಸೆದೆ. ನೀರು ಅಲುಗಿತು, ಮೀನೂ ಅಲುಗಿತು, ಮತ್ತೆ ನಿಂತಿತು. ಆಗ ಕಾಗೆ ಮರಿ ನೆನಪಾಯಿತು. ಹೊಸ್ತಿಲಲ್ಲಿ ಬಿದ್ದ ಅಜ್ಜಿ, ಬಿಗಿದ ತುಟಿ, ಡಾಕ್ಟರ ಮಾತು ಎಲ್ಲ ಒಟ್ಟಿಗೆ ನೆನಪಾದವು.

ಹೇಳಿದರೆ? ಬಾವಿ ಮೈಲಿಗೆ. ಪಂಪು, ಸುಣ್ಣ, ಎರಡು ದಿನ. ಈಗಾಗಲೇ ಒಂದು ದಿನ ಒಣಗಿದವಳು ಇನ್ನೆರಡು ದಿನ ಒಣಗಬೇಕು. ಸತ್ತೇ ಹೋಗುತ್ತಾಳೆ. ಹೇಳದಿದ್ದರೆ? ಹುಟ್ಟಿದಂದಿನಿಂದ ಉಳ್ಳಾಗಡ್ಡಿಯನ್ನೂ ಮುಟ್ಟದ ಅಜ್ಜಿ ಸತ್ತ ಮೀನಿನ ನೀರು ಕುಡಿಯುತ್ತಾಳೆ, ಅದೂ ದ್ವಾದಶಿಯ ತೀರ್ಥವೆಂದು. ಎರಡರ ಆಚೆ ಮೂರನೆಯದು ಒಂದೇ ಉಳಿದಿತ್ತು. ಬೆಳಗಾಗುವುದರೊಳಗೆ ಅದನ್ನು ತೆಗೆಯಬೇಕು.

ಗೂಟದ ಹಗ್ಗ ಮುಟ್ಟುವಂತಿಲ್ಲ. ಮುಟ್ಟಿದರೂ ಗಾಲಿ ಕೂಗುತ್ತದೆ. ಅವ್ವನ ಹಿಟ್ಟಿನ ಜರಡಿಗೆ ಮೂರು ಕಡೆ ದಾರ ಕಟ್ಟಿ, ಲಂಗಗಳ ಲಾಡಿ ಎಳೆದು ಗಂಟು ಹಾಕಿ ಉದ್ದ ಮಾಡಿ ಇಳಿಸಿದೆ. ಜರಡಿ ಅರ್ಧಕ್ಕೇ ನೇತಾಡುತ್ತಿತ್ತು.

"ಬಾವ್ಯಾಗ ಏನ್ ಇಣಕಿ ಹಾಕ್ಲಿಕತ್ತೀ?" ಎಂದಳು ಅಜ್ಜಿ ಕೂತಲ್ಲಿಂದ. "ಬಿದ್ದು ಗಿದ್ದು ಸತ್ತೀಯ. ಹಿಂದ ಸರಿ."

ಸರಿದೆ. ಹತ್ತು ನಿಮಿಷ ಬಿಟ್ಟು ಮತ್ತೆ ಹೋದೆ. "ಏ, ಹೇಳಿದ್ದು ಕೇಳಸೂದಿಲ್ಲೇನು ನಿನಗ?" ಮತ್ತೆ ಸರಿದೆ. ಆ ಸಂಜೆ ಅವಳು ಹೊಸ್ತಿಲು ಬಿಟ್ಟು ಏಳಲೇ ಇಲ್ಲ. ಏಳಲು ಅವಳಲ್ಲಿ ಕಸುವೂ ಇರಲಿಲ್ಲ. ಮಣಿ ಎಣಿಸುತ್ತ ಎಣಿಸುತ್ತ ಕೈ ನಿಂತುಹೋಗುತ್ತಿತ್ತು, ನಾಲಿಗೆ ತುಟಿಯ ಮೇಲೆ ಒಂದು ಸುತ್ತು ಬಂದು ಒಳಗೆ ಹೋಗುತ್ತಿತ್ತು. ನಾನು ಬಾವಿಗೂ ಅಜ್ಜಿಗೂ ನಡುವೆ ಕಟ್ಟಿಹಾಕಿದ ಕರುವಿನ ಹಾಗೆ ಅಲೆದಾಡಿದೆ.

ಗೆಳತಿ ಗೋಡೆಯ ಮೇಲೆ ಮುಖ ಹಾಕಿದಾಗ ನಾನು ಆ ಬದಿಗೆ ಓಡಿ, ಪಿಸುಮಾತಿನಲ್ಲಿ ಎಲ್ಲ ಹೇಳಿಬಿಟ್ಟೆ. ಅವಳು ಒಂದು ಮಾತೂ ಆಡಿಕೊಳ್ಳಲಿಲ್ಲ. "ನಮ್ಮ ಬಕೇಟು ಹಗ್ಗ ತರ್ತೇನಿ. ಗ್ವಾಡಿ ಜಿಗದು ಬಂದು ಎರಡು ನಿಮಿಷದಾಗ ತಗದ ಕೊಡ್ತೇನಿ" ಎಂದಳು. ಅವಳ ಕೈಲಿ ಅದು ಆಗುತ್ತಿತ್ತು. ಆದರೆ ನನ್ನ ಬಾಯಿಂದ ಬಂದದ್ದು, "ಬ್ಯಾಡ, ನೀ ಬಾವಿ ಮುಟ್ಟಬ್ಯಾಡ."

ಅವಳು ನನ್ನ ಮುಖವನ್ನೇ ನೋಡಿದಳು. "ಹೌದಲ್ಲ. ನಿಮ್ಮ ಬಾವಿ" ಎಂದು ಆಚೆ ಇಳಿದಳು. ನಾನು ಅಜ್ಜಿಗೆ ಹೆದರಿ ಹಾಗೆಂದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಆ ಮಾತು ನನ್ನೊಳಗೇ ಇತ್ತು; ಇವತ್ತಿಗೂ ಅದಕ್ಕೆ ನಾಚಿಕೆಯಾಗುತ್ತದೆ.

ರಾತ್ರಿ ಅವ್ವ ಹಿತ್ತಲ ಬಾಗಿಲಿಗೆ ಬೀಗ ಹಾಕಿದ್ದರಿಂದ ಏನೂ ಮಾಡಲಾಗಲಿಲ್ಲ. ದ್ವಾದಶಿಯ ದಿನ ಸೂರ್ಯ ಹುಟ್ಟುವ ಹೊತ್ತಿಗೆ ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಅಪ್ಪ ಒಳಗೆ ಪಂಚಾಂಗ ಹಿಡಿದು ಹೊತ್ತು ನೋಡುತ್ತಿದ್ದ. ಆ ಸಲ ದ್ವಾದಶಿ ಬಹಳ ಕಡಿಮೆ ಇತ್ತು. ಅದು ಮುಗಿಯುವುದರೊಳಗೆ ಪೂಜೆ, ತೀರ್ಥ, ಪಾರಣೆ ಎಲ್ಲ ಆಗಬೇಕು. ಅಜ್ಜಿ ಗಾಲಿಗೆ ಹಗ್ಗ ಹಾಕಿದಳು. ಒಂದು ಬಕೇಟು ಸೇದಲು ಎರಡು ಸಲ ನಿಂತು ಏದುಸಿರು ಬಿಟ್ಟಳು. ನಾನು ಓಡಿ ಹೋಗಿ ಹಗ್ಗ ಹಿಡಿಯುವಂತಿಲ್ಲ. ಹತ್ತು ಮಾರು ದೂರದಲ್ಲಿ ಉಗುರು ಕಡಿಯುತ್ತ ನಿಂತೆ.

ಮೊದಲ ಬಕೇಟು ತಲೆಯ ಮೇಲೆ ಸುರಿದುಕೊಂಡಳು. ಮೀನಿಲ್ಲ. ಎರಡನೆಯದೂ ಮೈಮೇಲೆ. ಮೀನಿಲ್ಲ. ಮೂರನೆಯದು ತುಳಸಿಗೆ. ಮೀನಿಲ್ಲ. ಮುಳುಗಿರಬೇಕು, ದೇವರು ದೊಡ್ಡವನು, ಮುಳುಗಿ ಹೋಗಿದೆ ಎಂದುಕೊಂಡೆ. ನಾಲ್ಕನೆಯದನ್ನು ಕೊಡದ ಬಾಯಿಗೆ ಬಗ್ಗಿಸಿದಳು. ಬಿಳಿ ಅರಿವೆಯ ಮೇಲೆ ಟಪ್ ಎಂದು ಏನೋ ಬಿತ್ತು.

ಅಜ್ಜಿ ಬಕೇಟು ಕೆಳಗಿಟ್ಟು ಬಗ್ಗಿದಳು. ಮೂಗು ಅರಿವೆಗೆ ತಾಗುವಷ್ಟು ಬಗ್ಗಿದಳು.

"ಏನದು?"

"ಮೀನು" ಎಂದೆ.

"ಅಷ್ಟ ದೂರದಿಂದ ನಿನಗ ಹೆಂಗ ಗೊತ್ತು?"

ನನಗೆ ಅಳು ಬಂತು. "ನಾನೇ ಹಾಕಿದೆ ಅಜ್ಜಿ. ನಿನ್ನೆ. ಕಾಲವ್ಯಾಗಿಂದ ತಂದಿದ್ದೆ. ಸಾಕಬೇಕಂತ ಮಾಡಿದ್ದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೊಡದ ಕಡೆಗೆ ನೋಡುತ್ತ, ನಿಧಾನವಾಗಿ, ಒಂದೊಂದೇ ಮಾತು ಎತ್ತಿಡುವ ಹಾಗೆ ಕೇಳಿದಳು.

"ಹಾಕೂಮುಂದ ಜೀವ ಇತ್ತೇನು?"

"ಇತ್ತು."

"ಈಗ ಅದ ಏನು? ನನಗ ಕಣ್ಣು ಕಾಣಸೂದಿಲ್ಲ. ನೀ ನೋಡಿ ಹೇಳು."

ಒಳಗಿನಿಂದ ಅಪ್ಪ ಕೂಗಿದ. "ಅವ್ವಾ, ಇನ್ನ ಅರ್ಧಾ ತಾಸ ಉಳದದ. ಲಗೂ ಮಾಡು."

ನಾನು ಹತ್ತಿರ ಹೋಗಿ ನೋಡಿದೆ. ಮೀನಿನ ಕಣ್ಣು ಬೆಳ್ಳಗಾಗಿತ್ತು, ಹೊಟ್ಟೆ ಉಬ್ಬಿತ್ತು. ಅಜ್ಜಿಯ ಮುಖ ನೋಡಿದೆ. ಕೆನ್ನೆ ಒಳಗೆ ಹೋಗಿತ್ತು, ತುಟಿಯ ಮೇಲೆ ಸ್ನಾನದ ನೀರಿನ ಒಂದು ಹನಿ ನಿಂತಿತ್ತು, ಅದನ್ನು ಅವಳು ನೆಕ್ಕಿರಲಿಲ್ಲ.

"ಅದ ಅಜ್ಜಿ" ಎಂದೆ. "ಬಾಯಿ ತೆರೀಲಿಕತ್ತದ."

ಅವಳು ಉಸಿರು ಬಿಟ್ಟಳು. "ಹಂಗಿದ್ರ ಮೈಲಿಗಿ ಇಲ್ಲ. ಜೀವ ಇದ್ದ ಮೀನ ಹೊಳ್ಯಾಗ ಇರೂದಿಲ್ಲೇನು? ಆ ನೀರು ನಾವು ತೀರ್ಥ ಅನ್ನೂದಿಲ್ಲೇನು? ಕೈ ಒಡ್ಡು."

ಕೊಡದ ಅರಿವೆಯನ್ನು ಬಿಚ್ಚಿ, ನನ್ನನ್ನು ಮುಟ್ಟದ ಹಾಗೆ, ಮೀನನ್ನು ನನ್ನ ಬೊಗಸೆಗೆ ಜಾರಿಸಿದಳು. ನಿನ್ನೆ ಒದ್ದಾಡಿದ ಮೀನು ಇವತ್ತು ಕಟ್ಟಿಗೆಯ ತುಂಡಿನ ಹಾಗೆ ಬಂದು ಬಿತ್ತು. "ಬಾವ್ಯಾಗ ಬಿಡು" ಎಂದಳು. ನಾನು ಮೀನನ್ನು ಲಂಗದ ಜೇಬಿಗೆ ಇಳಿಸಿ, ಕಾಲ ಹತ್ತಿರದ ಕಲ್ಲೊಂದನ್ನು ಎತ್ತಿ ಬಾವಿಗೆ ಹಾಕಿದೆ. ಪುಳಕ್ ಎಂದಿತು. ಅಜ್ಜಿ ಆ ಸದ್ದಿಗೆ ಕೈ ಮುಗಿದಳು.

ಆಮೇಲೆ ಅರಿವೆ ಹಿಂಡಿ ಒಣಹಾಕಿ, ಬೇರೆ ಅರಿವೆ ಕಟ್ಟಿ, ಮತ್ತೆ ಸೇದಿದಳು. ಪೂಜೆಯಾಯಿತು. ತೀರ್ಥ ತೆಗೆದುಕೊಂಡು, ಅನ್ನಕ್ಕೂ ಮೊದಲು, ತಂಬಿಗೆ ಎತ್ತಿ ನೀರು ಕುಡಿದಳು. ಗಟಗಟ ಎಂದು ಗಂಟಲು ಮೇಲೆ ಕೆಳಗೆ ಆಗುತ್ತಿತ್ತು. ಒಂದು ತಂಬಿಗೆ ಮುಗಿಸಿ ಇನ್ನೊಂದು. ಬಾಗಿಲ ಹಿಂದೆ ನಿಂತು ನಾನು ನೋಡಿದೆ. ಅವಳು ಬದುಕಿದಳು, ಹಾಗೇ ಅವಳನ್ನು ನಾನು ಕೆಡಿಸಿದೆ. ಎರಡೂ ಒಂದೇ ಗುಟುಕಿನಲ್ಲಿ ಆದವು. ಮೀನನ್ನು ತಿಪ್ಪೆಯಲ್ಲಿ ಹೂತು, ಕೈಯನ್ನು ಮೂರು ಸಲ ಸೋಪಿನಿಂದ ತೊಳೆದೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಮರೆತುಬಿಡುತ್ತಿದ್ದೆ. ಮರುದಿನ ನೈವೇದ್ಯವಾದ ಮೇಲೆ ಅಜ್ಜಿ ಮುಷ್ಟಿಯಲ್ಲಿ ಅನ್ನ ಹಿಡಿದು ಹಿತ್ತಲಿಗೆ ಬಂದಳು. "ಎಲ್ಲ್ಯದಾಳ ಇಕಿ? ಬಾ ಇಲ್ಲೆ. ನಿನ್ನ ಮೀನಕ್ಕ ಅನ್ನ ಹಾಕ್ತೀನಿ. ಬಂತೇನು ನೋಡಿ ಹೇಳು." ಅನ್ನ ಬಾವಿಗೆ ಬಿತ್ತು. ನಾನು ಬಗ್ಗಿ ನೋಡಿದೆ. ಖಾಲಿ ನೀರು, ಅದರಲ್ಲಿ ನನ್ನ ಮುಖ, ಮೇಲೆ ತೇಲುವ ಅನ್ನದ ಅಗುಳು.

"ಬಂತು ಅಜ್ಜಿ."

"ತಿಂತೇನು?"

"ತಿಂತು."

ಹೀಗೆ ಎರಡು ವರ್ಷ. ಸಾಲೆಯ ದಿನಗಳಲ್ಲಿ ನಾನು ಮಧ್ಯಾಹ್ನದ ಊಟಕ್ಕೆ ಬರುವವರೆಗೂ ಕಾಯುತ್ತಿದ್ದಳು. ಜ್ವರ ಬಂದು ಮಲಗಿದ್ದಾಗಲೂ ಎಬ್ಬಿಸಿ ಕರೆದುಕೊಂಡು ಹೋಗಿದ್ದಾಳೆ. ಮೀನು ಬೆಳೆಯಬೇಕಲ್ಲ, ಅದನ್ನೂ ನಾನೇ ಬೆಳೆಸಬೇಕಾಯಿತು. "ಎಷ್ಟಾಗೇದ?" ಎಂದರೆ "ಗೇಣುದ್ದ", ಆರು ತಿಂಗಳು ಬಿಟ್ಟು "ಮೊಳದ ಹತ್ರ". ಮುದ್ದೇಬಿಹಾಳದಿಂದ ಬಂದ ಅತ್ತೆ, "ಬಾವ್ಯಾಗ ಸಾಕ್ಷಾತ್ ಮತ್ಸ್ಯಾವತಾರ!" ಎಂದು ಬೆಳ್ಳಂಬೆಳಿಗ್ಗೆ ಸ್ನಾನ ಮಾಡಿ ದರ್ಶನಕ್ಕೆ ನಿಂತಳು. "ಬಿಸಲಿಗೆ ಮ್ಯಾಲ ಬರೂದಿಲ್ಲ ಅತ್ಯಾ" ಎಂದೆ. "ಇನ್ನ ಬಿಸಲ ಎಲ್ಲದ?" ಎಂದಳು. "ಹಂಗಾದ್ರ ಮಲಗಿರಬೇಕು" ಎಂದೆ. ಅತ್ತೆ ನಂಬಿದಳು. ಅವ್ವ ಮಾತ್ರ ಒಂದು ದಿನ ಬಾವಿಗೆ ಬಗ್ಗಿ, ಬಹಳ ಹೊತ್ತು ನೋಡಿ, ನನ್ನ ಕಡೆ ತಿರುಗಿ ಏನೋ ಕೇಳಲು ಬಾಯಿ ತೆರೆದವಳು ಕೇಳದೆ ಒಳಗೆ ಹೋದಳು.

ಸುಳ್ಳನ್ನು ಖರೆ ಮಾಡಲು ಕಾಲುವೆಗೆ ಮತ್ತೆ ಹೋದದ್ದೂ ಉಂಟು. ಬಾವಿಯ ಮಾತಿನ ಮೇಲೆ ಗೆಳತಿ ಹದಿನೈದು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಆಮೇಲೆ ನಾನೇ ಗೋಡೆ ಹತ್ತಿ ಹೋಗಿ ತಪ್ಪಾಯಿತೆಂದೆ, ಅವಳೇ ಸೀರೆ ತಂದಳು. ಎರಡು ಬೇಸಿಗೆ ಎಳೆದೆವು. ಅವಳಿಗೆ ಸಿಕ್ಕವು ಬೆರಳುದ್ದದ ಮರಿ. ಮೊಳದುದ್ದದ ಮೀನು ಎಲ್ಲಿಂದ ತರಲಿ? ರಾತ್ರಿ ಮಲಗಿದರೆ ಮರುದಿನದ ಪ್ರಶ್ನೆಯೇ ತಲೆಯಲ್ಲಿ ಸುತ್ತುತ್ತಿತ್ತು. ಒಂದು ದಿನ "ಸತ್ತುಹೋತು" ಎನ್ನೋಣವೆಂದರೆ ಬಾವಿ ಮೈಲಿಗೆಯಾಗುತ್ತದೆ. "ಕಾಣವಲ್ದು" ಎನ್ನೋಣವೆಂದರೆ ಹುಡುಕಿಸುತ್ತಾಳೆ. ಮೀನು ಬದುಕಿಯೇ ಇರಬೇಕು, ಅಜ್ಜಿ ಇರುವವರೆಗೆ. ಆ ಬಾವಿಯ ಕಟ್ಟೆಗೆ ನನ್ನನ್ನು ಯಾರೋ ಹಗ್ಗ ಹಾಕಿ ಕಟ್ಟಿದ್ದರು, ಆ ಹಗ್ಗ ನಾನೇ ಹೊಸೆದದ್ದು.

ನನಗೆ ಹನ್ನೆರಡು ತುಂಬಿದ ವರ್ಷ ಸಿಂದಗಿಯಲ್ಲಿ ಕಣ್ಣಿನ ಶಿಬಿರವಾಯಿತು. ಅಪ್ಪ ಹಟ ಹಿಡಿದು ಅಜ್ಜಿಯನ್ನು ಕರೆದುಕೊಂಡು ಹೋದ. ಮನೆಯವರೆಲ್ಲ ದೇವರಿಗೆ ಹರಕೆ ಹೊತ್ತರು, ಅಜ್ಜಿಗೆ ಕಣ್ಣು ಬರಲಿ ಎಂದು. ನಾನು ದೇವರ ಮುಂದೆ ಕೂತು ಏನು ಕೇಳಿದೆನೆಂದು ಹೇಳಲು ಇವತ್ತಿಗೂ ಬಾಯಿ ಬರುವುದಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಒಂದು ತಿಂಗಳು ತಲೆಯ ಮೇಲೆ ನೀರು ಹಾಕಿಕೊಳ್ಳುವಂತಿಲ್ಲ, ಬಗ್ಗುವಂತಿಲ್ಲ ಎಂದಿದ್ದರು. ಅವ್ವನೇ ಮಡಿಯಲ್ಲಿ ನೀರು ಸೇದಿದಳು, ಅನ್ನವನ್ನೂ ಅವ್ವನೇ ಬಾವಿಗೆ ಹಾಕಿದಳು, ನನ್ನನ್ನು ಏನೂ ಕೇಳದೆ. ತಿಂಗಳ ಮೇಲೆ ಹೊಸ ಚಷ್ಮಾ ಬಂತು. ಅಜ್ಜಿ ಅದನ್ನು ಹಾಕಿಕೊಂಡು ಮೊದಲು ಅಪ್ಪನನ್ನು ನೋಡಿ, "ಏನೋ, ಕೂದಲೆಲ್ಲ ಬೆಳ್ಳಗಾಗ್ಯಾವಲ್ಲೋ!" ಎಂದಳು. ಎಲ್ಲರೂ ನಕ್ಕರು. ಮಧ್ಯಾಹ್ನ ಮುಷ್ಟಿಯಲ್ಲಿ ಅನ್ನ ಹಿಡಿದು, "ಬಾ" ಎಂದು ನನ್ನನ್ನು ಕರೆದಳು.

ಕಟ್ಟೆಗೆ ಕೈಯೂರಿ ಬಗ್ಗಿ ನೋಡಿದಳು. ಬಿಸಿಲು ನೆತ್ತಿಯ ಮೇಲಿತ್ತು, ಬಾವಿಯ ನೀರು ತಳದವರೆಗೆ ತಿಳಿಯಾಗಿತ್ತು. ಒಳಗಿನ ಒಂದೊಂದು ಕಲ್ಲೂ ಕಾಣುತ್ತಿತ್ತು. ಅವಳು ಈ ಬದಿಯಿಂದ ನೋಡಿದಳು, ಆ ಬದಿಗೆ ಹೋಗಿ ನೋಡಿದಳು.

"ಬಂತೇನು?" ಎಂದಳು, ಬಾವಿಯಿಂದ ಕಣ್ಣೆತ್ತದೆ.

"ಇಲ್ಲ ಅಜ್ಜಿ" ಎಂದೆ. "ಎಂದೂ ಇರಲಿಲ್ಲ. ಆವತ್ತು ಅರಿವಿ ಮ್ಯಾಲ ಬಿದ್ದಾಗ ಅದು ಸತ್ತಿತ್ತು."

"ಗೊತ್ತು."

ನಾನು ಅವಳ ಕಡೆ ತಿರುಗಿದೆ.

"ನನ್ನ ಕಣ್ಣು ಹೋಗಿದ್ವು, ಮೂಗು ಹೋಗಿರಲಿಲ್ಲ. ಅಷ್ಟ ಹತ್ರ ಬಗ್ಗಿದ್ನಲ್ಲ, ವಾಸನಿ ಬರೂದಿಲ್ಲೇನು?"

"ಮತ್ತ ದಿನಾ ಅನ್ನ ಯಾಕ ಹಾಕಿದಿ?"

"ಬಿಟ್ಟಿದ್ರ ನನಗ ಗೊತ್ತದ ಅಂತ ನಿನಗ ಗೊತ್ತಾಗ್ತಿತ್ತು."

ಸಿಟ್ಟು, ಅಳು ಎರಡೂ ಒಟ್ಟಿಗೆ ನುಗ್ಗಿ ಬಂದವು. ಎರಡು ವರ್ಷ! ನಾನು ಬಹುಶಃ ಕೂಗಿಯೇ ಕೇಳಿದೆ. "ಗೊತ್ತಿದ್ದೂ ಆ ನೀರು ಯಾಕ ಕುಡದಿ ಅಜ್ಜಿ?"

ಅವಳು ಚಷ್ಮಾ ತೆಗೆದು ಸೆರಗಿನಿಂದ ಒರೆಸಿಕೊಂಡಳು. ಅತ್ತಿತ್ತ ನೋಡಿ, ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕಳವು ಒಪ್ಪಿಕೊಳ್ಳುವವಳ ದನಿಯಲ್ಲಿ ಹೇಳಿದಳು.

"ನೀರಡಿಕಿ ಆಗಿತ್ತವಾ. ಭಾಳ ನೀರಡಿಕಿ ಆಗಿತ್ತು."